ನಾಳೆ ಬನ್ನಿ ಎಂದ ಬಾಗಿಲು

ನಾನು ಕೆಲಸ ಮಾಡುವ ಪುರಸಭೆ ಯಾವುದೆಂದು ಹೇಳುವುದಿಲ್ಲ. ಮದ್ದೂರಿನವರು ಇದು ಮಳವಳ್ಳಿಯದೆಂದೂ ಮಳವಳ್ಳಿಯವರು ಇದು ಮದ್ದೂರಿನದೆಂದೂ ಅಂದುಕೊಂಡರೆ ನನ್ನ ನೌಕರಿ ಉಳಿಯುತ್ತದೆ. ಮಂಡ್ಯದವರು ಏನು ಬೇಕಾದರೂ ಅಂದುಕೊಳ್ಳಲಿ, ಅವರ ಲೆಕ್ಕದಲ್ಲಿ ನಾವು ಹೇಗೂ ಇಲ್ಲ.

ಅಲ್ಲಿ ನಾನು ಪ್ರಥಮ ದರ್ಜೆ ಸಹಾಯಕಿ. ಕೆರಗೋಡಿನ ಗಂಡನ ಮನೆಯಿಂದ ಬೆಳಿಗ್ಗೆ ಬಸ್ಸು ಹಿಡಿದು ಮಂಡ್ಯಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ನಿಂತುಕೊಂಡೇ ಕಚೇರಿ ಸೇರುತ್ತೇನೆ. ನಮ್ಮ ಹಳೆಯ ಕಚೇರಿಗೆ ಬಾಗಿಲು ಇತ್ತು ಅನ್ನುವುದೇ ಹೆಚ್ಚು. ಮಳೆಗಾಲದಲ್ಲಿ ಉಬ್ಬಿಕೊಂಡು ಮುಚ್ಚುತ್ತಿರಲಿಲ್ಲ, ಬೇಸಿಗೆಯಲ್ಲಿ ಸೊಟ್ಟಗಾಗಿ ಮುಚ್ಚುತ್ತಿರಲಿಲ್ಲ. ಊರವರು ನೇರವಾಗಿ ಮೇಜಿನ ತನಕ ಬಂದು, ನಮ್ಮ ಹಿಂದೆ ನಿಂತು, ಕಂಪ್ಯೂಟರಿನಲ್ಲಿ ತಮ್ಮ ಹೆಸರು ಎಲ್ಲಿದೆಯೆಂದು ಬೆರಳಿಟ್ಟು ತೋರಿಸುತ್ತಿದ್ದರು. ಒಮ್ಮೆ ಒಬ್ಬರು ಕಂಕುಳಲ್ಲಿ ಕೋಳಿ ಇಟ್ಟುಕೊಂಡೇ ನಲ್ಲಿ ಅರ್ಜಿಗೆ ಸಹಿ ಹಾಕಿ ಹೋದರು. ಇದರಲ್ಲಿ ವಿಶೇಷವೇನೂ ಯಾರಿಗೂ ಕಂಡಿರಲಿಲ್ಲ.

ಹೊಸ ಕಟ್ಟಡ ಎದ್ದ ಮೇಲೆ ಎಲ್ಲ ಬದಲಾಯಿತು. ಮುಂದೆ ದಪ್ಪ ಗಾಜಿನ ಬಾಗಿಲು. ಹಿಂದೆ, ಮುಖ್ಯಾಧಿಕಾರಿಗಳ ಕೋಣೆಯಿಂದ ನೇರ ಅವರ ಜೀಪಿನ ಪಕ್ಕಕ್ಕೇ ಇಳಿಯುವ ಇನ್ನೊಂದು ಬಾಗಿಲು. ನಕ್ಷೆಯಲ್ಲಿ ಅದನ್ನು ತುರ್ತು ನಿರ್ಗಮನ ಎಂದು ಬರೆದಿದ್ದರು. ತುರ್ತು ಎಂದರೆ ಮುಂದಿನ ಬಾಗಿಲಲ್ಲಿ ಯಾರೋ ಒಳಚರಂಡಿಯ ವಿಷಯ ಕೇಳಲು ಬಂದಿದ್ದಾರೆ ಎಂದರ್ಥ ಅನ್ನುವುದು ಊರಿಗೆಲ್ಲ ಗೊತ್ತಿತ್ತು.

ಮುಖ್ಯಾಧಿಕಾರಿಗಳು ಕೆಟ್ಟವರಲ್ಲ. ಜನ ಕಂಡರೆ ಭಯ, ಅಷ್ಟೆ. ಬೆಂಗಳೂರಿನ ಯಾವುದೋ ದೊಡ್ಡ ಕಚೇರಿಗೆ ಹೋಗಿದ್ದಾಗ ಅಲ್ಲಿ ಬಾಗಿಲು ತಾನೇ ಯೋಚನೆ ಮಾಡಿ ತೆರೆದುಕೊಂಡದ್ದನ್ನು ನೋಡಿ ಬಂದಿದ್ದರು. "ನಮಗೂ ಆಕ್ಸೆಸ್ ಕಂಟ್ರೋಲ್ ಬೇಕಮ್ಮ, ಗುರುತು ಹಿಡಿದು ಬಾಗಿಲು ತೆಗೆಯೋ ಯಂತ್ರ. ನೀವೇ ಆಯ್ಕೆ ಮಾಡಿ," ಎಂದು ಫೈಲನ್ನು ನನ್ನ ಕೈಗಿತ್ತರು. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆ ತೆಗೆಯಲು ಕಚೇರಿಯಲ್ಲಿ ಬರುತ್ತಿದ್ದದ್ದು ನನಗೊಬ್ಬಳಿಗೆ. ಅದರಿಂದ ನನಗೆ ತಾಂತ್ರಿಕ ಜ್ಞಾನ ಇದೆಯೆಂದು ತೀರ್ಮಾನವಾಗಿತ್ತು.

ಒಂದು ಸಮಿತಿಯಾಯಿತು: ಅಧ್ಯಕ್ಷೆ, ಮುಖ್ಯಾಧಿಕಾರಿ, ಎಂಜಿನಿಯರು, ನಾನು. ಅಧ್ಯಕ್ಷೆ ಬೆಳಗಿನ ಜಾವ ಡೇರಿಗೆ ಹಾಲು ಹಾಕಿ, ಹಸುವಿಗೆ ಹುಲ್ಲು ಕೊಯ್ದು ಹಾಕಿ, ಆಮೇಲೆ ಪುರಸಭೆಗೆ ಬರುವ ಹೆಂಗಸು. ಅವರ ಗಂಡ ಎಂದೂ ಕಚೇರಿ ಮೆಟ್ಟಿಲು ಹತ್ತಿದವರಲ್ಲ. ಹತ್ತಲು ಈಕೆ ಬಿಟ್ಟಿರಲಿಲ್ಲ.

ಮೊದಲ ಸಭೆಯಲ್ಲಿ ನಾನು ಓದಿಕೊಂಡು ಹೋಗಿದ್ದನ್ನು ಕೇಳಿದೆ: "ಯಾರನ್ನು ಒಳಗೆ ಬಿಡಬಾರದು ಅಂತ ಮೊದಲು ತೀರ್ಮಾನ ಮಾಡ್ಕೋಬೇಕಂತೆ."

"ಅನಧಿಕೃತ ವ್ಯಕ್ತಿಗಳನ್ನ," ಎಂದರು ಮುಖ್ಯಾಧಿಕಾರಿ.

"ಯಾರವ್ರು?" ಎಂದರು ಅಧ್ಯಕ್ಷೆ.

ಮುಖ್ಯಾಧಿಕಾರಿ ಎಂಜಿನಿಯರ ಮುಖ ನೋಡಿದರು. ಎಂಜಿನಿಯರು ಬಹಳ ಹೊತ್ತು ಯೋಚಿಸಿ, "ಗುತ್ತಿಗೆದಾರರು," ಎಂದರು. ಆಮೇಲೆ ತಿದ್ದಿಕೊಂಡು, "ಎಲ್ಲರೂ ಅಲ್ಲ. ಬಿಲ್ಲು ಕೇಳೋರು ಮಾತ್ರ," ಎಂದರು.

ಅಧ್ಯಕ್ಷೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ನೋಡು ಕಣಮ್ಮ, ಊರೋರು ಒಳಕ್ಕೆ ಬಂದಿದ್ದರಿಂದ ಯಾವತ್ತೂ ತೊಂದ್ರೆ ಆಗಿಲ್ಲ. ನೀವು ಆಚೆಗೋಗೋದ್ರಿಂದ್ಲೇ ತೊಂದ್ರೆ."

ನಡಾವಳಿಯಲ್ಲಿ ನಾನು 'ವಿಷಯವನ್ನು ಸುದೀರ್ಘವಾಗಿ ಚರ್ಚಿಸಲಾಯಿತು' ಎಂದು ಬರೆದೆ.

ಯಂತ್ರ ತೋರಿಸಲು ಬಂದವನು ಬೆಂಗಳೂರಿನ ಕಂಪನಿಯ ಪ್ರತಿನಿಧಿ, ಮೂಲ ಕಿರುಗಾವಲಿನ ಕಡೆಯವನು. ಎಂಥ ಬಿಸಿಲಿನಲ್ಲೂ ಟೈ ಸಡಿಲಿಸುತ್ತಿರಲಿಲ್ಲವಾದ್ದರಿಂದ ಅಧ್ಯಕ್ಷೆ ಅವನನ್ನು ಟೈಯವನು ಎಂದೇ ಕರೆದರು. ಅವನು ಮೊದಲು ತಂದದ್ದು ಬೆರಳು ನೋಡುವ ಯಂತ್ರ. ಅಧ್ಯಕ್ಷೆಯ ಬೆರಳಿನ ಗುರುತನ್ನು ಅದರೊಳಗೆ ಕೂರಿಸುವುದಕ್ಕೇ ಬಹಳ ಹೊತ್ತಾಯಿತು. ಕೂರಿಸಿದ ಮೇಲೆ ಗುರುತು ಹಿಡಿ ಎಂದರೆ ಅದು ಕೀರಲು ದನಿ ತೆಗೆಯಿತು. ಎರಡೂ ಕೈಯ ಬೆರಳುಗಳನ್ನು ಒಂದೊಂದಾಗಿ ಇಟ್ಟು ನೋಡಿದರು. ಕೀರಲು ದನಿ ನಿಲ್ಲಲಿಲ್ಲ. ಟೈಯವನು ಕರ್ಚೀಫಿನಿಂದ ಗಾಜು ಒರೆಸಿ, "ಸಾರ್, ನೀವು ಒಂದ್ಸಲ ಇಡಿ," ಎಂದು ಎಂಜಿನಿಯರ ಕೈ ಹಿಡಿದು ಇಡಿಸಿದ. ಹಸಿರು ದೀಪ ಹತ್ತಿತು. ಪರದೆಯ ಮೇಲೆ ಅಧ್ಯಕ್ಷೆಯ ಹೆಸರು ಬಂತು.

"ತಗಳಿ. ಅಂಗಾರೆ ಇನ್ಮೇಲೆ ಊರೋರ ಬೈಗುಳಾನೂ ನೀವೇ ಈಸ್ಕಳಿ ಎಂಜಿನಿಯರ್ರೇ," ಎಂದರು ಅಧ್ಯಕ್ಷೆ.

ಆ ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ನಮ್ಮ ಅತ್ತೆ ನಗಲಿಲ್ಲ. ಅವರಿಗೆ ರೇಷನ್ ಅಂಗಡಿಯಲ್ಲಿ ಇದೇ ಆಗಿತ್ತು. ನಾಟಿ ಹಾಕಿ, ಕಳೆ ಕಿತ್ತು, ಪಾತ್ರೆ ಉಜ್ಜಿ ಅವರ ಹೆಬ್ಬೆರಳಿನ ಗೆರೆಗಳೆಲ್ಲ ಸವೆದಿವೆ. "ನನ್ನ ಎಬ್ಬೆಟ್ಟು ಒತ್ತುಸ್ಕಂಡು ನಾನು ನಾನೇ ಅಲ್ಲ ಅಂತು ಕಣವ್ವ ಆ ಮಿಸೀನು. ಪಕ್ಕದ್ಮನೆಯೋಳು ಬಂದು ಇವ್ಳೇ ಅಂತ ಸಾಕ್ಸಿ ಯೋಳುದ್ರೂ ಕೇಳ್ನಿಲ್ಲ," ಎಂದರು. ನಾನು ಮಾರನೆಯ ದಿನ ಫೈಲಿನಲ್ಲಿ ಬೆರಳು ನೋಡುವ ಯಂತ್ರ ಸೂಕ್ತವಲ್ಲ ಎಂದು ಬರೆದುಬಿಟ್ಟೆ.

ಆಮೇಲೆ ಬಂದದ್ದು ಕಾರ್ಡು. ಪ್ರಯೋಗಕ್ಕೆಂದು ಸಿಬ್ಬಂದಿಗೂ ಸದಸ್ಯರಿಗೂ ಒಂದೊಂದು ಕೊಟ್ಟೆವು. ಕೊಟ್ಟದ್ದು ತಿಳಿದು ಮಾಜಿ ಸದಸ್ಯರು ಬಂದರು. ಅವರಿಗೆ ಕೊಟ್ಟದ್ದು ತಿಳಿದು ಕಳೆದ ಚುನಾವಣೆಯಲ್ಲಿ ಸೋತವರೂ ಬಂದು, "ಮುಂದಿನ್ ದಪ ಗೆಲ್ತೀವಲ್ಲ, ಈಗ್ಲೇ ಕೊಟ್ಬುಡಿ," ಎಂದು ಕೂತರು. ಒಬ್ಬ ಸದಸ್ಯರು ಕಾರ್ಡಿಗೆ ಅರಿಶಿನ ಕುಂಕುಮ ಹಚ್ಚಿಸಿ ಕಾರಿನ ಗಾಜಿಗೆ ಅಂಟಿಸಿಕೊಂಡರು. ಅವರು ಮೈಸೂರಿಗೆ ಹೋಗುವಾಗ ಹೈವೇ ಟೋಲಿನಲ್ಲಿ ಅದನ್ನು ತೋರಿಸಿ ಬಿಡಿ ಎಂದರಂತೆ. ಬಿಡಲಿಲ್ಲ. ವಾಪಸು ಬಂದು ನನ್ನ ಮೇಜಿನ ಮುಂದೆ ನಿಂತು, "ಏನಮ್ಮ ಇದು? ಗೇಟೇ ತೆಗೆಯಕಿಲ್ವಲ್ಲ," ಎಂದು ರೇಗಾಡಿದರು. ಇದು ನಮ್ಮ ಕಚೇರಿಯ ಬಾಗಿಲಿಗೆ ಮಾತ್ರ ಎಂದೆ. "ನಮ್ ಕಚೇರಿಗೆ ನಾನು ಬರೋಕೆ ಕಾರ್ಡ್ ಯಾಕೆ?" ಎಂದರು. ಕಾರ್ಡೂ ಸೂಕ್ತವಲ್ಲ ಎಂದು ಫೈಲಿನಲ್ಲಿ ಬರೆದೆ.

ಕೊನೆಗೆ ಮುಖ ನೋಡುವ ಯಂತ್ರ ಬಂತು. ಊಟದ ತಟ್ಟೆಯಷ್ಟು ದೊಡ್ಡ ಕಪ್ಪು ಗಾಜು. ಟೈಯವನು ಹೇಳಿದಂತೆ ಅಧ್ಯಕ್ಷೆ ಅದರ ಮುಂದೆ ನಿಂತರು. ಒಂದೇ ಸಲಕ್ಕೆ ಹಸಿರು ದೀಪ ಹತ್ತಿತು. ಅಧ್ಯಕ್ಷೆಯ ಮುಖದಲ್ಲಿ ನಾನು ಅಂಥ ಸಂತೋಷ ಕಂಡದ್ದು ಅದೇ ಮೊದಲು. "ನೋಡುದ್ರಾ, ಗುರ್ತಿಡೀತು! ನಮ್ ಭಾವುಂಗೇ ಎಷ್ಟೋ ಸಲ ನನ್ ಗುರ್ತು ಸಿಕ್ಕಕಿಲ್ಲ." ಯಂತ್ರದ ಆಯ್ಕೆ ಅಲ್ಲಿಗೆ ಮುಗಿಯಿತು.

ಆದರೆ ಅದನ್ನು ಬಾಗಿಲಿನ ಯಾವ ಮಗ್ಗುಲಿಗೆ ಹಾಕಬೇಕು ಅನ್ನುವುದರ ಮೇಲೆ ಇನ್ನೊಂದು ಸಭೆ ನಡೆಯಿತು. ಆಚೆಗೆ ಎಂದರು ಮುಖ್ಯಾಧಿಕಾರಿ. ಒಳಗೆ ಎಂದರು ಅಧ್ಯಕ್ಷೆ. "ಒಳಕ್ಕೆ ಯಾರ್ ಬೇಕಾರೂ ಬರ್ಲಿ. ಆಚೆಗೋಗೋರ ಮಖ ನೋಡ್ಲಿ ಅದು. ಇಂದ್ಗಡೆ ಬಾಗ್ಲಿಗೂ ಒಂದು ಆಕ್ಬುಡಿ." ಮುಖ್ಯಾಧಿಕಾರಿ ಬಾಯಿ ತೆರೆದರು. ಆದರೆ ಯಾರಿಗೂ ಕಾಣದಂತೆ ಆಚೆ ಹೋಗಲು ತಮಗೆ ಅವಕಾಶ ಬೇಕು ಎಂದು ಸಭೆಯಲ್ಲಿ ಹೇಳುವುದು ಹೇಗೆ? ಬಾಯಿ ಮುಚ್ಚಿದರು. ಹೀಗಾಗಿ ಹೊರಗಿನಿಂದ ತಳ್ಳಿದರೆ ತೆರೆದುಕೊಳ್ಳುವ, ಒಳಗಿನಿಂದ ಮುಖ ತೋರಿಸಿದರೆ ಮಾತ್ರ ಬಿಡುವ ಬಾಗಿಲು ನಮ್ಮದಾಯಿತು. ಊರವರು ಹೊರಗೆ ಹೋಗುವಾಗ ಗುಂಡಿ ಒತ್ತಿ ಕಳಿಸಲು ಜವಾನರೊಬ್ಬರನ್ನು ಕೂರಿಸಿದೆವು. ಕರೆಂಟು ಹೋದರೂ ಕೆಲಸ ಮಾಡಲೆಂದು ಎಂಜಿನಿಯರು ದೊಡ್ಡ ಬ್ಯಾಟರಿ ಕೇಳಿ ಹಾಕಿಸಿ, ಯಾರೂ ಮುಟ್ಟಬಾರದೆಂದು ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮೆಟ್ಟಿಲಿಲ್ಲದ ತಾರಸಿಗೆ ಏರಿಸಿದರು.

ಯಂತ್ರ ಇಂಗ್ಲಿಷಿನಲ್ಲಿ ಮಾತಾಡುತ್ತಿತ್ತು. "ಇದ್ಯಾಕೆ ಬೈತಾ ಅದೆ?" ಎಂದರು ಅಧ್ಯಕ್ಷೆ. ಕನ್ನಡದಲ್ಲಿ ಯಾರಾದರೂ ಹೇಳಿಕೊಟ್ಟರೆ ಅದೇ ದನಿಯನ್ನು ತುಂಬಬಹುದು ಎಂದ ಟೈಯವನು. ಎಲ್ಲರೂ ನನ್ನ ಕಡೆ ನೋಡಿದರು.

ನಾನು ಮನೆಯಲ್ಲಿ ಅಭ್ಯಾಸ ಮಾಡಿದೆ. 'ನಮಸ್ಕಾರ, ಹೋಗಿ ಬನ್ನಿ.' 'ನಿಮ್ಮ ಗುರುತು ಸಿಗಲಿಲ್ಲ, ದಯವಿಟ್ಟು ಮತ್ತೆ ಪ್ರಯತ್ನಿಸಿ.' 'ಕಚೇರಿ ವೇಳೆ ಮುಗಿದಿದೆ, ದಯವಿಟ್ಟು ನಾಳೆ ಬನ್ನಿ.' ಅವರೆಕಾಯಿ ಸುಲಿಯುತ್ತ ಕೂತಿದ್ದ ಅತ್ತೆ ತಲೆ ಅಲ್ಲಾಡಿಸಿದರು. "ಅಷ್ಟು ಮರ್ವಾದೆಯಾಗಿ ಯೋಳುದ್ರೆ ಯಾರ್ ಕೇಳಾರು? 'ಯಾರ್ಲಾ ಅದು' ಅನ್ನು. ತಾನಾಗೇ ನಿಂತ್ಕತಾರೆ." ಆದರೂ ನಾನು ಮರ್ಯಾದೆಯಾಗಿಯೇ ಹೇಳಿದೆ. ಕಚೇರಿಯ ಕಡತದ ಕೋಣೆಯಲ್ಲಿ, ಫ್ಯಾನು ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ ಟೈಯವನ ಫೋನಿಗೆ ಹೇಳಿದೆ. ನನ್ನ ದನಿ ಇಷ್ಟು ಚೆನ್ನಾಗಿದೆಯೆಂದು ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೆಮ್ಮೆಯೂ ಆಯಿತು.

ಹೆಮ್ಮೆ ಹೆಚ್ಚು ಕಾಲ ಉಳಿಯಲಿಲ್ಲ. ಮೇಜಿನ ಮುಂದೆ ಕೂತು ಕೆಲಸ ಮಾಡುತ್ತಿದ್ದರೆ, ಜವಾನರು ಗುಂಡಿ ಒತ್ತುವ ಮೊದಲೇ ಬಾಗಿಲ ಬಳಿ ನಾನೇ ಯಾರಿಗೋ ಗುರುತು ಸಿಗಲಿಲ್ಲ ಅನ್ನುತ್ತಿದ್ದೆ. ಜನ ಸಿಟ್ಟನ್ನು ಯಂತ್ರದ ಮೇಲೆ ತೀರಿಸಿಕೊಳ್ಳುತ್ತಿರಲಿಲ್ಲ. ವಾಪಸು ನನ್ನ ಮೇಜಿಗೆ ಬರುತ್ತಿದ್ದರು. "ಈಗ ತಾನೆ ಕೂರುಸ್ಕಂಡು ಮಾತಾಡ್ಸುದ್ಯಲ್ಲವ್ವ, ಅಷ್ಟರಲ್ಲಿ ಗುರ್ತು ಮರ್ತೋಯ್ತಾ?" ಎಂದು ಒಬ್ಬ ವೃದ್ಧರು ನಿಜವಾಗಿ ನೊಂದುಕೊಂಡು ಕೇಳಿದರು. ಹೆಲ್ತ್ ಇನ್ಸ್‌ಪೆಕ್ಟರು ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದರು. ಬೋಳು ತಲೆಯನ್ನು ಯಂತ್ರ ಒಪ್ಪಲಿಲ್ಲ. ಹಳೆಯ ಫೋಟೊವೊಂದನ್ನು ಅದರ ಮುಂದೆ ಹಿಡಿದರು. 'ನಮಸ್ಕಾರ, ಹೋಗಿ ಬನ್ನಿ' ಎಂದೆ ನಾನು. ಕೂದಲು ಬೆಳೆಯುವ ತನಕ ಅವರು ಜೇಬಿನಲ್ಲಿ ತಮ್ಮದೇ ಫೋಟೊ ಇಟ್ಟುಕೊಂಡು ಓಡಾಡಿದರು.

ಹೀಗೇ ನಡೆದಿದ್ದರೆ ನಡೆದುಹೋಗುತ್ತಿತ್ತು. ಆದರೆ ಒಂದು ಸೋಮವಾರ, ಇ-ಖಾತೆಗೆಂದು ಜನ ತುಂಬಿದ್ದ ಹೊತ್ತಿನಲ್ಲಿ, ಎರಡೂ ಬಾಗಿಲಿನ ಯಂತ್ರಕ್ಕೆ ಸೇರಿ ಇದ್ದ ಒಂದೇ ಗಡಿಯಾರ ಕೆಟ್ಟಿತು. ಹಾಡಹಗಲಿನಲ್ಲಿ ಅದಕ್ಕೆ ರಾತ್ರಿಯಾಯಿತು. ಕಚೇರಿ ಮುಚ್ಚಿದೆಯೆಂದು ತಿಳಿದು ಅದು ಒಳಗೂ ಹೊರಗೂ ಬೀಗ ಹಾಕಿಕೊಂಡಿತು. ಇದು ನಮಗೆ ಗೊತ್ತಾದದ್ದು ನಲ್ಲಿ ಕಂದಾಯ ಕಟ್ಟಿ ಹೊರಟ ಹೆಂಗಸೊಬ್ಬಳು ಬಾಗಿಲ ಬಳಿ ನಿಂತಾಗ. ಜವಾನರು ಗುಂಡಿ ಒತ್ತಿದರು. 'ಕಚೇರಿ ವೇಳೆ ಮುಗಿದಿದೆ, ದಯವಿಟ್ಟು ನಾಳೆ ಬನ್ನಿ' ಎಂದಿತು ನನ್ನ ದನಿ.

"ನಾನ್ ಬತ್ತಾ ಇಲ್ಲ ಕಣವ್ವ, ಓಯ್ತಾ ಇವ್ನಿ," ಎಂದಳು ಆಕೆ ಬಾಗಿಲಿಗೆ.

'ದಯವಿಟ್ಟು ನಾಳೆ ಬನ್ನಿ.'

ನಾನು ಎದ್ದು ಹೋಗಿ ನನ್ನ ಮುಖ ತೋರಿಸಿದೆ. ಕನ್ನಡಕ ತೆಗೆದು ತೋರಿಸಿದೆ. ನನ್ನದೇ ದನಿಯಲ್ಲಿ, ಬಹಳ ಮರ್ಯಾದೆಯಿಂದ, ನನಗೆ ನಾಳೆ ಬರಲು ಹೇಳಿತು. ಹಿಂದೆ ಯಾರೋ, "ನಾವ್ ಚಿಕ್ಕೋರಾಗಿದ್ದಾಗ ದೆವ್ವ ಬರ್ದಂಗೆ ಬಾಗ್ಲ ಮ್ಯಾಲೆ 'ನಾಳೆ ಬಾ' ಅಂತ ಬರೀತಿದ್ರು. ಈಗ ನಾವೇ ದೆವ್ವ ಆದೋ," ಎಂದರು. ಜನ ನಕ್ಕರು. ನನಗೆ ನಗು ಬರಲಿಲ್ಲ.

ಮುಖ್ಯಾಧಿಕಾರಿ ಅಷ್ಟರಲ್ಲಿ ಹಿಂದಿನ ಬಾಗಿಲಿಗೆ ಹೋಗಿದ್ದರು. ಅಲ್ಲಿಂದಲೂ ನನ್ನ ದನಿ ಕೇಳಿಸಿತು. ಅವರು ಬೆವರುತ್ತ ವಾಪಸು ಬಂದು, "ಕರೆಂಟ್ ತೆಗೀರಿ," ಎಂದರು. ಎಂಜಿನಿಯರು ಮೇನ್ ಸ್ವಿಚ್ಚು ಆರಿಸಿದರು. ಫ್ಯಾನುಗಳು ನಿಂತವು, ದೀಪ ಹೋಯಿತು, ಬಾಗಿಲು ಮಾತ್ರ ಅಲ್ಲಾಡಲಿಲ್ಲ. "ಸಾಯಂಕಾಲದ ತನಕ ನಿಲ್ಲುತ್ತೆ ಸಾರ್ ಬ್ಯಾಟರಿ. ಒಳ್ಳೇ ಮಾಲು," ಎಂದರು ಎಂಜಿನಿಯರು, ತಡೆಯಲಾಗದ ಅಭಿಮಾನದಿಂದ. ಸೆಕೆ ತಾಳಲಾರದೆ ಸ್ವಿಚ್ಚು ಮತ್ತೆ ಹಾಕಿದರು.

"ಗಾಜು ಒಡ್ದಾಕಿ," ಎಂದರು ಯಾರೋ.

"ಸರ್ಕಾರಿ ಆಸ್ತಿ ಅದು. ಒಡೆಯೋಕೆ ಆದೇಶ ಯಾರು ಕೊಡ್ತಾರೆ?" ಎಂದರು ಮುಖ್ಯಾಧಿಕಾರಿ. ಕೊಡಬೇಕಾದವರು ತಾವೇ ಎಂಬುದು ಅವರಿಗೆ ಮರೆತಂತಿತ್ತು. ಅಗ್ನಿಶಾಮಕದವರನ್ನು ಕರೆಯೋಣವೆಂದರೆ ಸುದ್ದಿ ಮಂಡ್ಯದ ಜಿಲ್ಲಾ ಕಚೇರಿಗೆ ಮುಟ್ಟುತ್ತದೆಂಬ ಹೆದರಿಕೆ.

ನಾನು ಟೈಯವನಿಗೆ ಫೋನು ಮಾಡಿದೆ. ಅವನು ಕಿರುಗಾವಲಿನಲ್ಲಿ ಯಾರದೋ ಮದುವೆಯಲ್ಲಿದ್ದ. ಓಲಗದ ಸದ್ದಿನ ನಡುವೆ ಕೂಗಿ ಹೇಳಿದ: "ಮೇಡಂ, ಈಗ ತಾನೆ ಎಲೆ ಹಾಕವ್ರೆ. ಎಲೆ ಮುಂದಿಂದ ಎದ್ರೆ ಹುಡುಗಿ ಕಡೆಯೋರು ತಪ್ಪು ತಿಳ್ಕೋತಾರೆ. ಪಾಯಸ ಮುಗುಸ್ಕೊಂಡು ಬಂದ್ಬುಡ್ತೀನಿ."

ಆ ಹೊತ್ತಿಗೆ ಗಾಜಿನಾಚೆ ಅಧ್ಯಕ್ಷೆ ಬಂದು ನಿಂತರು. ಒಳಗೆ ನಡೆದದ್ದನ್ನು ನಾನು ಗಾಜಿನ ಸಂದಿಯಲ್ಲಿ ಬಾಯಿಟ್ಟು ಕೂಗಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಹಣೆಗೆ ಕೈ ಅಡ್ಡ ಹಿಡಿದು ಗಾಜಿನೊಳಗೆ ಇಣುಕಿದರು. ಎಂಜಿನಿಯರು ಇದ್ದಾರೆ, ಕಂದಾಯದವರು ಇದ್ದಾರೆ, ಮುಖ್ಯಾಧಿಕಾರಿಗಳೂ ಇದ್ದಾರೆ. ಮೆಲ್ಲಗೆ ಹೋಗಿ ವರಾಂಡದಿಂದ ಒಂದು ಕುರ್ಚಿ ಎಳೆದುಕೊಂಡು ಬಂದು ಬಾಗಿಲ ಮುಂದೆ ಕೂತರು.

"ಸಾಹೇಬ್ರೇ," ಎಂದು ಕೂಗಿದರು, "ಎಂಗೂ ಕೂತಿದ್ದೀರಿ. ಅವರವ್ರ ಕೆಲ್ಸ ಮುಗ್ಸಿಕೊಟ್ಬುಡಿ."

ಬೇರೆ ದಾರಿಯೂ ಇರಲಿಲ್ಲ. ಮುಖ್ಯಾಧಿಕಾರಿ ತಮ್ಮ ಕೋಣೆಗೆ ಹೋಗಲು ತಿರುಗಿದರು, ಅಲ್ಲಿ ಆಗಲೇ ಬಾಣಂತಿಯೊಬ್ಬಳು ಮಗುವಿಗೆ ಹಾಲು ಕೊಡುತ್ತ ಕೂತಿದ್ದಳು. ಹೀಗಾಗಿ ಅವರು ಹಜಾರದಲ್ಲೇ, ಜನರ ಬೆಂಚಿನ ಮೇಲೆ, ಜನನ ಪತ್ರದಲ್ಲಿ ಮಗುವಿನ ಹೆಸರು ತಿದ್ದಿಸಲು ಬಂದಿದ್ದ ಅಜ್ಜಿಯ ಪಕ್ಕ ಕೂತರು. ಅಜ್ಜಿ ಮಡಿಲಿನಿಂದ ಹುರಿಗಡಲೆ ತೆಗೆದು ಅವರ ಕೈಗೆ ಹಾಕಿದಳು. "ತಿನ್ನಪ್ಪ, ಮಖ ಬಾಡೋಗದೆ. ಆರು ತಿಂಗ್ಳಿಂದ ಬತ್ತಾ ಇವ್ನಿ, ನಿನ್ನ ನೋಡಿದ್ದು ಇವತ್ತೇಯ." ಮುಖ್ಯಾಧಿಕಾರಿ ಕಡಲೆ ತಿಂದರು. ಆಕೆಯ ಕಾಗದ ಕೇಳಿದರು. ಅದರಲ್ಲಿದ್ದದ್ದು ಒಂದೇ ಅಕ್ಷರದ ತಪ್ಪು. ಅಲ್ಲೇ ಸಹಿ ಮಾಡಿದರು.

ಆಮೇಲೆ ನಡೆದದ್ದನ್ನು ನನ್ನ ನೌಕರಿಯಲ್ಲಿ ಇನ್ನೊಮ್ಮೆ ನೋಡಿಲ್ಲ. ಟೀಗೆ ಹೋಗುವಂತಿಲ್ಲ, ಸೈಟಿಗೆ ಹೋಗಿದ್ದಾರೆ ಎನ್ನುವಂತಿಲ್ಲ, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎನ್ನುವಂತಿಲ್ಲ. ಸಾಹೇಬರು ಎದುರಿಗೇ ಕಡಲೆ ತಿನ್ನುತ್ತಿದ್ದಾರೆ. ಈ ಮೇಜಿನಿಂದ ಆ ಮೇಜಿಗೆ ವಾರಗಟ್ಟಲೆ ನಡೆಯುವ ಫೈಲು ಕೈಯಿಂದ ಕೈಗೆ ಹೋಯಿತು. ಎಂಜಿನಿಯರು ಒಬ್ಬರ ಚರಂಡಿಯ ನಕ್ಷೆಯನ್ನು ನೆಲದ ಮೇಲೆ ಹರಡಿಕೊಂಡು, ಮಂಡಿಯೂರಿ, ಮನೆಯವರ ಜೊತೆಯೇ ಗೆರೆ ಎಳೆದರು. ನನ್ನ ಕೈ ಪ್ರಿಂಟರಿನ ಮೇಲಿಂದ ಇಳಿಯಲಿಲ್ಲ. ಹಸಿವಾಗುತ್ತಿತ್ತು, ಆದರೆ ಎಲ್ಲಿಂದಲೋ ಒಂದು ಹುಮ್ಮಸ್ಸೂ ಬಂದಿತ್ತು. ಒಬ್ಬರ ಕಾಗದ ಮುಗಿದರೆ ಎಲ್ಲರೂ ಸೇರಿ ಮುಂದಿನವರನ್ನು ಕರೆಯುತ್ತಿದ್ದರು. ಹೊರಗೆ ಸುದ್ದಿ ಹಬ್ಬಿ ವರಾಂಡ ತುಂಬಿತ್ತು. ಅವರೇನು ನಮ್ಮನ್ನು ಬಿಡಿಸಲು ಬಂದವರಲ್ಲ. "ನಮ್ಮುನ್ನೂ ಒಳಕ್ಕಾಕ್ಕಂಡು ಮುಚ್ಚಿ," ಎಂದು ಗಾಜು ಬಡಿಯುತ್ತಿದ್ದರು.

ಟೈಯವನು ಬಾಯಲ್ಲಿ ಎಲೆಅಡಿಕೆ ಹಾಕಿಕೊಂಡು ಬೈಕಿನಲ್ಲಿ ಬಂದಿಳಿದ. ಲ್ಯಾಪ್‌ಟಾಪು ತೆಗೆದು ಮೆಟ್ಟಿಲ ಮೇಲೆ ಕೂತ. ಒಳಗಿನಿಂದ ಒಬ್ಬ ಗಂಡಸು ಓಡಿ ಬಂದು ಗಾಜಿಗೆ ಎರಡೂ ಕೈ ಊರಿ ಕೂಗಿದ: "ತಡ್ಯಪ್ಪೋ! ತೆಗೀಬ್ಯಾಡ! ನಂದಿನ್ನೂ ಪ್ರಿಂಟಾಗ್ನಿಲ್ಲ!"

ಟೈಯವನು ಅಧ್ಯಕ್ಷೆಯ ಮುಖ ನೋಡಿದ. "ಅವರ್ದೊಂದು ಮುಗೀಲಿ ಕಣಪ್ಪ," ಎಂದರು ಅಧ್ಯಕ್ಷೆ. ಆ ಮನುಷ್ಯನ ಖಾತೆ ಕೈಗೆ ಬಂದ ಮೇಲೆಯೇ ಬಾಗಿಲು ತೆರೆದದ್ದು. 'ನಮಸ್ಕಾರ, ಹೋಗಿ ಬನ್ನಿ' ಎಂದು ನಾನು ಒಬ್ಬೊಬ್ಬರಿಗೂ ಹೇಳಿದೆ, ಮೇಜಿನ ಹಿಂದೆ ಬಾಯಿ ಮುಚ್ಚಿಕೊಂಡು ಕೂತೇ.

ಮುಂದಿನ ಸಭೆಯಲ್ಲಿ ಅಧ್ಯಕ್ಷೆ ವಾರಕ್ಕೊಂದು ದಿನ ಹೀಗೇ ಬಾಗಿಲು ಹಾಕಬೇಕೆಂದು ಠರಾವು ಮಂಡಿಸಿದರು. ಸದಸ್ಯರೆಲ್ಲ ಕೈ ಎತ್ತಿದರು. ಮುಖ್ಯಾಧಿಕಾರಿ ಬೆಂಕಿ ಬಿದ್ದರೆ ಯಾರು ಹೊಣೆ ಎಂದು ಕೇಳಿದರು. ಅದು ನ್ಯಾಯವಾದ ಮಾತು, ಠರಾವು ಅಲ್ಲಿಗೇ ನಿಂತಿತು. ಯಂತ್ರವನ್ನು ಬಂದ್ ಮಾಡಲಾಯಿತು. ಹಿಂದಿನ ಬಾಗಿಲಿಗೆ ಹಳೆಯ ಬೀರುಗಳನ್ನು ಅಡ್ಡ ಇಡಿಸಿದ್ದು ಮಾತ್ರ ಮುಖ್ಯಾಧಿಕಾರಿಗಳೇ. ವರ್ಗವಾಗಿ ಹೋಗುವ ತನಕ ಅವರು ಮಧ್ಯಾಹ್ನದ ಮೇಲೆ ಸ್ವಲ್ಪ ಹೊತ್ತು ಹಜಾರದ ಬೆಂಚಿಗೆ ಬಂದು ಕೂರುತ್ತಿದ್ದರು.

ಯಂತ್ರ ಇನ್ನೂ ಗೋಡೆಯ ಮೇಲೇ ಇದೆ. ಅದನ್ನು ತೆಗೆಯಲು ಬೇರೆ ಟೆಂಡರು ಆಗಬೇಕು. ಮೊನ್ನೆ ಒಬ್ಬ ಹೆಂಗಸು ಕೆಲಸ ಮುಗಿಸಿ ಹೊರಟವಳು ಅದರ ಮುಂದೆ ನಿಂತು, ಕೆದರಿದ ಕೂದಲು ಒತ್ತಿಕೊಂಡು, ಸೆರಗು ಸರಿಪಡಿಸಿಕೊಂಡು, ಕಪ್ಪು ಗಾಜಿಗೆ ಮುಖ ಕೊಟ್ಟು ಕಾಯುತ್ತಿದ್ದಳು.

"ಕೆಟ್ಟೋಗಿದೆ ಕಣಮ್ಮ, ಸುಮ್ನೆ ಹೋಗಿ," ಎಂದೆ.

"ಇರ್ಲಿ ಬುಡವ್ವ, ನೋಡ್ಕಳ್ಳಿ ಅದು," ಎಂದಳು. "ಆಮೇಲೆ ನಾನು ಬಂದೇ ಇಲ್ಲ ಅಂದ್ಬುಟ್ಟೀರ."